ಸಕ್ಕರೆಯ ಲೆಕ್ಕವೊಂದೇ ಸಾಲದು

ಸಿಹಿಮೂತ್ರ ರೋಗವು ಶ್ರೀಮಂತರ ರೋಗವೆಂಬ ಮಾತು ಒಂದು ಕಾಲಕ್ಕೆ ನಮ್ಮಲ್ಲಿ ಬಳಕೆಯಲ್ಲಿತ್ತು. ಕುಳಿತು ಉಣ್ಣುವವನಿಗೆ ಸಕ್ಕರೆ ಕಾಯಿಲೆ, ದುಡಿದು ಉಣ್ಣುವವನಿಗೆ ಅದರ ಭಯವಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಆ ಮಾತು ಈಗ ಸುಳ್ಳಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ೨೦೨೧ರಲ್ಲಿ ನಮ್ಮ ದೇಶದಲ್ಲಿ ಈ ರೋಗವಿದ್ದವರ ಸಂಖ್ಯೆ ಹತ್ತು ಕೋಟಿಯನ್ನು ದಾಟಿತ್ತು. ಹತ್ತು ಕೋಟಿ ಶ್ರೀಮಂತರು ಈ ದೇಶದಲ್ಲಿ ಎಲ್ಲಿದ್ದಾರೆ? ಇವರಲ್ಲಿ ಕೂಲಿಯವರಿದ್ದಾರೆ, ಗುಮಾಸ್ತರಿದ್ದಾರೆ, ಆಟೋ ಓಡಿಸುವವರಿದ್ದಾರೆ, ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವ ಸಣ್ಣ ಅಂಗಡಿಯವರಿದ್ದಾರೆ. ರಾಗಿಗುಡ್ಡದ ಓಣಿಗಳಲ್ಲಿ ನಾಲ್ಕಾರು ಮನೆ ಹೊಕ್ಕರೆ ಒಂದಾದರೂ ಮನೆಯ ಗೂಡಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಕಣ್ಣಿಗೆ ಬೀಳುತ್ತದೆ.

ಈ ರೋಗದ ವಿಷಯದಲ್ಲಿ ನಮ್ಮ ಜನ ಒಂದು ಪಾಠವನ್ನು ಚೆನ್ನಾಗಿ ಕಲಿತಿದ್ದಾರೆ. ಅನ್ನ ಕಡಿಮೆ ಮಾಡಬೇಕು, ಕಾಫಿಗೆ ಸಕ್ಕರೆ ಬಿಡಬೇಕು, ಆಗಾಗ ಬೆರಳು ಚುಚ್ಚಿಸಿಕೊಂಡು ಅಂಕಿ ನೋಡಬೇಕು. ಅಂಕಿ ಇಳಿದಿದ್ದರೆ “ಶುಗರು ಕಂಟ್ರೋಲಿನಲ್ಲಿದೆ” ಎಂದು ನೆಮ್ಮದಿ. ಈ ಪಾಠ ತಪ್ಪಲ್ಲ, ಆದರೆ ಅರ್ಧ ಪಾಠ. ಸಕ್ಕರೆ ಕಾಯಿಲೆಯವರನ್ನು ಹೆಚ್ಚಾಗಿ ಕೊಲ್ಲುವುದು ಹೃದಯ ಮತ್ತು ರಕ್ತನಾಳಗಳ ರೋಗ. ಆ ರೋಗಕ್ಕೆ ರಕ್ತದ ಸಕ್ಕರೆಯೊಂದೇ ದಾರಿಯಲ್ಲ. ರಕ್ತದೊತ್ತಡ, ಕೊಬ್ಬು, ಬೀಡಿ ಸಿಗರೇಟುಗಳ ಮಾತನ್ನು ಎಲ್ಲರೂ ಕೇಳಿದ್ದಾರೆ. ಯಾರೂ ಅಷ್ಟಾಗಿ ಹೇಳದ ದಾರಿಗಳು ಇನ್ನೂ ಹಲವಿವೆ. ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟು ಮಲಗಿದ ವರ್ತಕನ ಸ್ಥಿತಿ ನಮ್ಮದಾಗಿದೆ. ಆ ಹಿತ್ತಲ ಬಾಗಿಲುಗಳು ಯಾವುವು, ಅವನ್ನು ಮುಚ್ಚಬೇಕಾದವರು ಯಾರು ಎಂಬುದನ್ನು ಇಲ್ಲಿ ವಿಚಾರ ಮಾಡಬೇಕಾಗಿದೆ.

೨೦೨೫ರಲ್ಲಿ ಹಾಸನ ಜಿಲ್ಲೆಯಿಂದ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂದು ನಾಡೆಲ್ಲ ಗಾಬರಿಗೊಂಡದ್ದು ಓದುಗರಿಗೆ ನೆನಪಿರಬೇಕು. ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಸರ್ಕಾರವು ಆ ಸಂಸ್ಥೆಯ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ೨೪ ಸಾವುಗಳನ್ನು ಪರಿಶೀಲಿಸಿದ ಸಮಿತಿಯು, ಜಿಲ್ಲೆಯಲ್ಲಿ ಹೃದಯದ ಸಾವುಗಳು ಏಕಾಏಕಿ ಏರಿವೆ ಎನ್ನಲು ಆಧಾರವಿಲ್ಲವೆಂದು ವರದಿ ಕೊಟ್ಟಿತು. ಸತ್ತವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಕುಡಿತ ಇವೆಲ್ಲ ಇದ್ದವು. ಆದರೆ ಸಮಿತಿ ಇನ್ನೊಂದು ಸಂಗತಿಯನ್ನೂ ಎತ್ತಿ ಹೇಳಿತು: ಹೃದಯದ ತೊಂದರೆಯಿಂದ ಸತ್ತವರಲ್ಲಿ ಆಟೋ, ಟ್ಯಾಕ್ಸಿ ಚಾಲಕರ ಪಾಲು ದೊಡ್ಡದಾಗಿತ್ತು. ಹೊತ್ತಿಲ್ಲದ ಊಟ, ಕೆಟ್ಟ ನಿದ್ದೆ, ದಿನವಿಡೀ ಹೊಗೆ, ಕಂತಿನ ಸಾಲ ಇವೇ ಚಾಲಕನ ಬಾಳು. ಮನುಷ್ಯನ ಹೃದಯದ ಮೇಲೆ ಅವನ ಕಸುಬಿನ ಮುದ್ರೆ ಬೀಳುತ್ತದೆ ಎಂಬ ಈ ಮಾತನ್ನು ಗಾಬರಿ ತಣ್ಣಗಾದ ಮೇಲೆ ನಾವೆಲ್ಲ ಮರೆತೆವು. ಮರೆಯಬಾರದಾಗಿದ್ದ ಮಾತು ಅದೇ.

ಮೊದಲನೆಯ ಹಿತ್ತಲ ಬಾಗಿಲು ಮೂತ್ರಪಿಂಡ. ಅದೊಂದು ಸೂಕ್ಷ್ಮವಾದ ಜರಡಿ. ರಕ್ತದ ಕಸವನ್ನು ಹೊರಗೆ ಬಿಟ್ಟು, ಆಲ್ಬುಮಿನ್ ಎಂಬ ಸಸಾರಜನಕದಂಥ ಬೇಕಾದ ವಸ್ತುವನ್ನು ಒಳಗೇ ಉಳಿಸಿಕೊಳ್ಳುವುದು ಅದರ ಕೆಲಸ. ಸಕ್ಕರೆ ಕಾಯಿಲೆಯಿಂದ ಸಣ್ಣ ರಕ್ತನಾಳಗಳು ಕೆಟ್ಟಾಗ ಜರಡಿಯ ಕಣ್ಣು ಸಡಿಲವಾಗಿ ಆಲ್ಬುಮಿನ್ ಮೂತ್ರದೊಡನೆ ಸೋರತೊಡಗುತ್ತದೆ. ಇದು ಮೂತ್ರಪಿಂಡದ ವಿಷಯ, ಹೃದಯಕ್ಕೇನು ಸಂಬಂಧವೆಂದು ಕೇಳಬಹುದು. ಡೆನ್ಮಾರ್ಕಿನ ವೈದ್ಯ ಮೊಗೆನ್ಸೆನ್ ೧೯೮೪ರಲ್ಲೇ ಇದಕ್ಕೆ ಉತ್ತರ ಕೊಟ್ಟರು: ಮೂತ್ರದಲ್ಲಿ ಅಲ್ಪಸ್ವಲ್ಪ ಆಲ್ಬುಮಿನ್ ಸೋರುತ್ತಿದ್ದ ಸಕ್ಕರೆ ಕಾಯಿಲೆಯವರು, ಸೋರದಿದ್ದವರಿಗಿಂತ ಬೇಗ ಸತ್ತರು. ಮೂತ್ರಪಿಂಡದಲ್ಲಿ ಕೆಟ್ಟ ನಾಳ ಹೃದಯದಲ್ಲಿಯೂ ಕೆಡುತ್ತಿರುತ್ತದೆ. ಮೂತ್ರದ ಸೋರಿಕೆ ಅದರ ಮುನ್ಸೂಚನೆ. ಈ ಪರೀಕ್ಷೆಗೆ ಒಂದು ಸಣ್ಣ ಸೀಸೆ ಮೂತ್ರ ಸಾಕು. ಒಂದು ಗ್ರಾಂ ಕ್ರಿಯಾಟಿನಿನ್ನಿಗೆ ಆಲ್ಬುಮಿನ್ ೩೦ ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಸರಿ. ಹೆಚ್ಚಿದ್ದು, ಕೆಲವು ತಿಂಗಳ ಅಂತರದಲ್ಲಿ ಮತ್ತೆ ನೋಡಿದಾಗಲೂ ಹಾಗೆಯೇ ಇದ್ದರೆ, ಚಿಕಿತ್ಸೆ ಬದಲಾಗಬೇಕು. ರಕ್ತದೊತ್ತಡದ ಕೆಲವು ಹಳೆಯ, ಅಗ್ಗದ ಮಾತ್ರೆಗಳೇ ಈ ಸೋರಿಕೆಯನ್ನು ತಗ್ಗಿಸುತ್ತವೆ. ಹೃದಯ, ಮೂತ್ರಪಿಂಡ ಎರಡನ್ನೂ ಕಾಯುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೊಸ ಮಾತ್ರೆಗಳು ಕೂಡ, ಪೇಟೆಂಟಿನ ಅವಧಿ ೨೦೨೦ರಲ್ಲಿ ಮತ್ತು ೨೦೨೫ರಲ್ಲಿ ಮುಗಿದ ಬಳಿಕ, ನಮ್ಮ ದೇಶದಲ್ಲಿ ಬಹಳ ಅಗ್ಗವಾಗಿವೆ. ಯಾರಿಗೆ ಯಾವುದು ತಕ್ಕದ್ದೆಂದು ವೈದ್ಯರು ಹೇಳಬೇಕು. ಆದರೆ ಪರೀಕ್ಷೆಯನ್ನೇ ಮಾಡಿಸದಿದ್ದರೆ ಹೇಳುವುದಾದರೂ ಹೇಗೆ? ವರ್ಷಗಟ್ಟಲೆ ಬೆರಳು ಚುಚ್ಚಿಸಿಕೊಂಡವರಲ್ಲಿ ಒಮ್ಮೆಯಾದರೂ ಮೂತ್ರದ ಆಲ್ಬುಮಿನ್ ಪರೀಕ್ಷೆಯಾದವರು ಎಷ್ಟು ಮಂದಿ ಎಂಬುದನ್ನು ಓದುಗರು ತಮ್ಮ ತಮ್ಮ ಮನೆಯಲ್ಲೇ ವಿಚಾರಿಸಿ ನೋಡಲಿ.

ಎರಡನೆಯದು ಇನ್ನೂ ಮೋಸದ್ದು. ಹೃದಯಾಘಾತವೆಂದರೆ ಎದೆ ಹಿಂಡಿದಂಥ ನೋವು ಎಂದೇ ನಮ್ಮ ತಿಳಿವಳಿಕೆ. ಆದರೆ ಸಕ್ಕರೆ ಕಾಯಿಲೆ ಹಳೆಯದಾದಂತೆ ನರಗಳೂ ಕೆಡುತ್ತವೆ. ಕಾಲು ಜೋಮು ಹಿಡಿಯುವುದು ಎಲ್ಲರಿಗೂ ಗೊತ್ತು. ಹೃದಯದ ನರವೂ ಹಾಗೆಯೇ ಮಂಕಾಗುತ್ತದೆಂಬುದು ಗೊತ್ತಿಲ್ಲ. ಆಗ ಹೃದಯಕ್ಕೆ ರಕ್ತ ಸಾಲದೆ ಹೋದರೂ ನೋವು ಕಾಣಿಸದೆ ಇರಬಹುದು. ೨೦೦೪ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾ ವೈದ್ಯರ ಒಂದು ಅಧ್ಯಯನದಲ್ಲಿ, ಹೃದಯದ ಯಾವ ದೂರೂ ಇಲ್ಲದ ೫೨೨ ಮಂದಿ ಸಕ್ಕರೆ ಕಾಯಿಲೆಯವರನ್ನು ಪರೀಕ್ಷಿಸಿದಾಗ, ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಹೃದಯಕ್ಕೆ ರಕ್ತದ ಕೊರತೆಯ ಗುರುತು ಕಂಡಿತು. ಆದುದರಿಂದ ಈ ಕಾಯಿಲೆಯವರು ನೋವಿಗಾಗಿ ಕಾಯಬಾರದು. ಕಾರಣವಿಲ್ಲದ ಏದುಸಿರು, ತಣ್ಣನೆಯ ಬೆವರು, ಹೊಟ್ಟೆ ತೊಳಸು, ಎಂದೂ ಇಲ್ಲದ ಸುಸ್ತು ಇವುಗಳನ್ನು “ಗ್ಯಾಸು” ಎಂದು ಸೋಡಾ ಕುಡಿದು ಮಲಗಬಾರದು. ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟುವುದು, ಸುಮ್ಮನೆ ಕುಳಿತಾಗಲೂ ನಾಡಿ ನಿಮಿಷಕ್ಕೆ ೧೦೦ನ್ನು ದಾಟುವುದು ಇವೂ ನರ ಕೆಟ್ಟಿರಬಹುದೆಂಬ ಸೂಚನೆಗಳೇ.

ಇಷ್ಟು ಹೇಳಿದ ಕೂಡಲೆ, ಎಲ್ಲರೂ ಸಾವಿರಾರು ರೂಪಾಯಿಯ ಸ್ಕ್ಯಾನಿಂಗ್ ಮಾಡಿಸಬೇಕೇನೋ ಎಂದು ಯಾರೂ ಭಾವಿಸಬೇಕಾಗಿಲ್ಲ. ಮೇಲೆ ಹೇಳಿದ ವೈದ್ಯರೇ ಐದು ವರ್ಷ ಕಾದು ನೋಡಿ ೨೦೦೯ರಲ್ಲಿ ಹೇಳಿದ್ದೇನೆಂದರೆ, ದೂರಿಲ್ಲದವರಿಗೆಲ್ಲ ಸ್ಕ್ಯಾನಿಂಗ್ ಮಾಡಿಸಿದ್ದರಿಂದ ಹೃದಯಾಘಾತವೇನೂ ಕಡಿಮೆಯಾಗಲಿಲ್ಲ. ರಕ್ತದೊತ್ತಡ ಹತೋಟಿಗೆ ತರುವುದು, ನಲವತ್ತು ದಾಟಿದ ಸಕ್ಕರೆ ಕಾಯಿಲೆಯವರಲ್ಲಿ ಬಹುಮಂದಿಗೆ ಬೇಕಾಗುವ ಸ್ಟಾಟಿನ್ ಎಂಬ ಅಗ್ಗದ ಮಾತ್ರೆಯನ್ನು ವೈದ್ಯರ ಸಲಹೆಯಂತೆ ತಪ್ಪದೆ ನುಂಗುವುದು, ಹೊಗೆಸೊಪ್ಪು ಬಿಡುವುದು ಇವೇ ಪ್ರಾಣ ಉಳಿಸುವ ಕೆಲಸಗಳು. ಭಯವನ್ನು ಮಾರುವ “ಪ್ಯಾಕೇಜು” ತಪಾಸಣೆಗಳಿಗೆ ದುಡಿದ ಹಣವನ್ನು ಸುರಿಯುವ ಮೊದಲು ಇದನ್ನು ನೆನೆಯಬೇಕು.

ಮೂರನೆಯ ಸಂಗತಿ ಕೇಳಿದರೆ ಹಲವರಿಗೆ ಆಶ್ಚರ್ಯವಾದೀತು. ಸಕ್ಕರೆ ಏರುವುದಷ್ಟೇ ಅಪಾಯವಲ್ಲ, ತೀರ ಇಳಿಯುವುದೂ ಹೃದಯಕ್ಕೆ ಅಪಾಯ. ಸಕ್ಕರೆಯನ್ನು ಆರೋಗ್ಯವಂತರ ಮಟ್ಟಕ್ಕೇ ಇಳಿಸಿಬಿಟ್ಟರೆ ಹೃದಯ ಉಳಿದೀತೆಂಬ ಆಸೆಯಿಂದ ಅಮೆರಿಕ ಮತ್ತು ಕೆನಡಾದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಬಿಗಿಯಾಗಿ ಇಳಿಸಿದವರ ಗುಂಪಿನಲ್ಲೇ ಹೆಚ್ಚು ಸಾವು ಕಂಡು ೨೦೦೮ರಲ್ಲಿ ಆ ಭಾಗವನ್ನು ನಿಲ್ಲಿಸಬೇಕಾಯಿತು. ಅದಕ್ಕೆ ಕಾರಣವೇನೆಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಸಕ್ಕರೆ ತೀರ ಕುಸಿದಾಗ ಹೃದಯದ ಬಡಿತ ಲಯ ತಪ್ಪಬಹುದು. ಈಗ ಮಾಚೇನಹಳ್ಳಿಯ ಕಡೆಗೆ ರಾತ್ರಿ ಪಾಳಿಗೆ ಹೋಗುವ ಒಬ್ಬ ಕಾರ್ಮಿಕನನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಮಾತ್ರೆ ನುಂಗಿದ್ದಾನೆ, ಇಲ್ಲವೆ ಇನ್ಸುಲಿನ್ ಚುಚ್ಚಿಕೊಂಡಿದ್ದಾನೆ. ಬಸ್ಸು ತಡವಾಯಿತೆಂದು ಊಟ ಬಿಟ್ಟಿದ್ದಾನೆ. ಯಂತ್ರ ನಿಲ್ಲಿಸುವಂತಿಲ್ಲವೆಂದು ಬಿಡುವೂ ಇಲ್ಲ. ನಡುರಾತ್ರಿ ಕೈ ನಡುಗಿ, ಬೆವರು ಕಿತ್ತುಬಂದರೆ ಅವನು ಸೋಮಾರಿ ಎನಿಸಿಕೊಳ್ಳುತ್ತಾನೆಯೇ ಹೊರತು ರೋಗಿ ಎನಿಸಿಕೊಳ್ಳುವುದಿಲ್ಲ. ಇಂಥವನ ಹೃದಯ ಕೆಟ್ಟರೆ ತಪ್ಪು ಅವನ ನಾಲಿಗೆಯದೋ, ಪಾಳಿಯ ಪಟ್ಟಿಯದೋ?

ಪಾಳಿಯ ಮಾತು ಬಂದದ್ದರಿಂದ ನಾಲ್ಕನೆಯದನ್ನೂ ಹೇಳಿಬಿಡೋಣ. ಭದ್ರಾವತಿಯ ಕಬ್ಬಿಣದ ಕುಲುಮೆ ೧೯೨೩ರಲ್ಲಿ ಉರಿಯತೊಡಗಿದಾಗಿನಿಂದ ಈ ಸೀಮೆಯ ಜನ ರಾತ್ರಿ ಪಾಳಿಯನ್ನು ಬಲ್ಲರು. ತಲೆಮಾರುಗಳು ಹಗಲನ್ನು ರಾತ್ರಿ ಮಾಡಿ, ರಾತ್ರಿಯನ್ನು ಹಗಲು ಮಾಡಿ ದುಡಿದವು. ಇಪ್ಪತ್ತು ಲಕ್ಷ ಜನರಿಗೆ ಸಂಬಂಧಿಸಿದ ೩೪ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೨ರಲ್ಲಿ ಬ್ರಿಟನ್ನಿನ ವೈದ್ಯ ಪತ್ರಿಕೆಯೊಂದು ಪ್ರಕಟಿಸಿದ ಲೆಕ್ಕದಂತೆ, ಪಾಳಿ ಕೆಲಸದವರಲ್ಲಿ ಹೃದಯಾಘಾತವು ಇತರರಿಗಿಂತ ಶೇಕಡ ೨೩ರಷ್ಟು ಹೆಚ್ಚು. ದೇಹಕ್ಕೆ ತನ್ನದೇ ಆದ ಗಡಿಯಾರವಿದೆ. ಅದನ್ನು ವಾರಕ್ಕೊಮ್ಮೆ ತಿರುಗಿಸುತ್ತ ಹೋದರೆ ಸಕ್ಕರೆಯೂ ಏರುತ್ತದೆ, ರಕ್ತದೊತ್ತಡವೂ ಏರುತ್ತದೆ. ಇದರೊಡನೆ ಗೊರಕೆಯೂ ಸೇರಿದರೆ ಕೇಳುವುದೇ ಬೇಡ. ಗೊರಕೆಯನ್ನು ನಾವು ನಗೆಯ ವಸ್ತು ಮಾಡಿದ್ದೇವೆ. ಆದರೆ ಜೋರಾಗಿ ಗೊರೆದು, ನಡುನಡುವೆ ಉಸಿರು ಕಟ್ಟಿ, ಬೆಚ್ಚಿ ಏಳುವವನಿಗೆ, ಹಗಲೆಲ್ಲ ತೂಕಡಿಸುವವನಿಗೆ ನಿದ್ದೆಯಲ್ಲಿ ಪ್ರಾಣವಾಯು ಸಾಲುತ್ತಿಲ್ಲವೆಂದೇ ತಿಳಿಯಬೇಕು. ಸಕ್ಕರೆ ಕಾಯಿಲೆಯವರಲ್ಲಿ ಇದು ಅಪರೂಪವೇನೂ ಅಲ್ಲ. ಹಾಸಿಗೆಯ ಪಕ್ಕದಲ್ಲಿ ಮಲಗಿದವರು ಹೇಳದೆ ರೋಗಿಗೆ ಇದು ತಿಳಿಯುವುದೂ ಇಲ್ಲ.

“ನಾನು ತೆಳ್ಳಗಿದ್ದೇನೆ, ನನಗೇನಾದೀತು?” ಎನ್ನುವವರಿಗೆ ಪುಣೆಯ ಡಾ. ಯಾಜ್ಞಿಕ್ ಉತ್ತರ ಕೊಟ್ಟಿದ್ದಾರೆ. ೨೦೦೪ರಲ್ಲಿ ಅವರು ಮತ್ತು ಅವರ ಇಂಗ್ಲಿಷ್ ಗೆಳೆಯ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತು ತೆಗೆಸಿಕೊಂಡ ಫೋಟೋ ವೈದ್ಯಲೋಕದಲ್ಲಿ ಪ್ರಸಿದ್ಧವಾಯಿತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಸಮ. ಆದರೆ ಇಂಗ್ಲಿಷಿನವರ ಮೈಯಲ್ಲಿ ಕೊಬ್ಬು ಶೇಕಡ ೯, ನಮ್ಮವರ ಮೈಯಲ್ಲಿ ಶೇಕಡ ೨೧. ನಮ್ಮ ಕೈಕಾಲು ಸಣ್ಣ, ಕೊಬ್ಬೆಲ್ಲ ಹೊಟ್ಟೆಯೊಳಗೆ, ಪಿತ್ತಜನಕಾಂಗದ ಸುತ್ತ. ಆದುದರಿಂದ ತಕ್ಕಡಿಗಿಂತ ದರ್ಜಿಯ ಟೇಪೇ ನಮಗೆ ಸರಿಯಾದ ಸಾಕ್ಷಿ. ಸೊಂಟದ ಸುತ್ತಳತೆ ಗಂಡಸರಿಗೆ ೯೦ ಸೆಂಟಿಮೀಟರ್, ಹೆಂಗಸರಿಗೆ ೮೦ ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು.

ಹೆಂಗಸರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮುಟ್ಟು ನಿಲ್ಲುವವರೆಗೆ ಹೆಣ್ಣಿಗೆ ಹೃದ್ರೋಗ ಕಡಿಮೆಯೆಂಬುದು ಸಾಮಾನ್ಯ ನಂಬಿಕೆ. ಸಕ್ಕರೆ ಕಾಯಿಲೆ ಆ ರಕ್ಷಣೆಯನ್ನು ಬಹುಮಟ್ಟಿಗೆ ಕಿತ್ತುಕೊಳ್ಳುತ್ತದೆ. ಇಷ್ಟೇ ಅಲ್ಲ. ಬಸುರಿಯಲ್ಲಿ ಸಕ್ಕರೆ ಏರಿ, ಹೆರಿಗೆಯಾದ ಮೇಲೆ ತಾನಾಗಿ ಇಳಿದುಹೋದ ಹೆಣ್ಣುಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಐವತ್ತು ಲಕ್ಷಕ್ಕೂ ಹೆಚ್ಚು ತಾಯಂದಿರ ಲೆಕ್ಕವನ್ನು ಒಟ್ಟುಮಾಡಿ ೨೦೧೯ರಲ್ಲಿ ಕಂಡುಕೊಂಡದ್ದೇನೆಂದರೆ, ಇಂಥವರಿಗೆ ಮುಂದೆ ಹೃದಯ ಮತ್ತು ರಕ್ತನಾಳದ ರೋಗ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡರಷ್ಟು. ತಾಯಿ ಕಾರ್ಡಿನಲ್ಲಿ ಬರೆದ ಆ ಒಂದು ಸಾಲು ಬಾಣಂತನ ಮುಗಿದೊಡನೆ ಪೆಟ್ಟಿಗೆಯ ತಳ ಸೇರುತ್ತದೆ. ಇಪ್ಪತ್ತು ವರ್ಷದ ಮೇಲೆ ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಏದುಸಿರು ಬಿಡುವಾಗ ಯಾರೂ ಆ ಕಾರ್ಡನ್ನು ಕೇಳುವುದಿಲ್ಲ. ಅಕ್ಕತಂಗಿಯರೇ, ವೈದ್ಯರು ಕೇಳದಿದ್ದರೆ ನೀವೇ ಹೇಳಿ.

ಬಾಯಿಯ ಮಾತೂ ಇದೆ. ವಸಡು ಊದಿ ರಕ್ತ ಒಸರುವುದನ್ನು ನಾವು ರೋಗವೆಂದೇ ಎಣಿಸುವುದಿಲ್ಲ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಇಳಿಯುವುದಿಲ್ಲ. ವಸಡಿನ ರೋಗವುಳ್ಳವರಲ್ಲಿ ಹೃದ್ರೋಗವೂ ಹೆಚ್ಚಾಗಿ ಕಂಡುಬಂದಿದೆ. ಇನ್ನು ಜಗಿಯುವ ಹೊಗೆಸೊಪ್ಪು. ಬೀಡಿ ಬಿಟ್ಟೆನೆಂದು ಗುಟ್ಕಾ ಹಿಡಿದವನು ಹೃದಯವನ್ನು ಉಳಿಸಿಕೊಂಡೆನೆಂದು ತಿಳಿದರೆ ಅದು ಭ್ರಮೆ. ೫೨ ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ಅಧ್ಯಯನದಲ್ಲಿ ಹೊಗೆಸೊಪ್ಪು ಜಗಿಯುವವರಿಗೆ ಹೃದಯಾಘಾತದ ಸಂಭವ ಎರಡರಷ್ಟು ಕಂಡಿತು. ಅಡಿಕೆ ನಮ್ಮ ಜಿಲ್ಲೆಯ ಅನ್ನ, ಅದರ ಮಾತನ್ನು ಹಗುರಾಗಿ ಆಡುವಂತಿಲ್ಲ. ಆದರೆ ಬೆಳೆಗಾರನ ಬದುಕಿಗಾಗಿ ಕಾರ್ಮಿಕನು ಹೊಗೆಸೊಪ್ಪು ನುಂಗಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ.

ಕೊನೆಯದು ಚಿಂತೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ಮುಂದಾಳುತನದಲ್ಲಿ ನಡೆದ ಅದೇ ಇಂಟರ್‌ಹಾರ್ಟ್ ಅಧ್ಯಯನ, ಹೃದಯಾಘಾತಕ್ಕೆ ಕಾರಣವಾದ ಒಂಬತ್ತು ಸಂಗತಿಗಳನ್ನು ೨೦೦೪ರಲ್ಲಿ ಪಟ್ಟಿ ಮಾಡಿತು. ಹೊಗೆಸೊಪ್ಪು, ಸಕ್ಕರೆ ಕಾಯಿಲೆಗಳ ಸಾಲಿನಲ್ಲೇ ಮನೆಯ, ಕೆಲಸದ, ಹಣದ ಚಿಂತೆಗೂ ಖಿನ್ನತೆಗೂ ಅದು ಸ್ಥಾನ ಕೊಟ್ಟಿತು. ಭದ್ರಾವತಿಯವರಿಗೆ ಇದನ್ನು ವಿವರಿಸಬೇಕೇ? ಕಾಗದದ ಕಾರ್ಖಾನೆಯ ಯಂತ್ರಗಳು ನಿಂತುಹೋದುದನ್ನು ಕಂಡ ಊರು ಅದು. ೨೦೨೩ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ನಾಳೆ ಕೆಲಸವಿದೆಯೋ ಇಲ್ಲವೋ ಎಂದು ತಿಳಿಯದವನ ರಕ್ತದೊತ್ತಡವನ್ನು ಯಾವ ಮಾತ್ರೆ ಇಳಿಸೀತು? ಕೆಲಸ ಹೋದ ಬೀದಿಯಲ್ಲಿ ಉದ್ರಿ ಕೊಟ್ಟು ಕುಳಿತ ಅಂಗಡಿಯವನ ಸ್ಥಿತಿಯೂ ಬೇರೆಯಲ್ಲ.

ಈ ಪಟ್ಟಿಯನ್ನು ಒಮ್ಮೆ ಹಿಂತಿರುಗಿ ನೋಡಿ. ನಿದ್ದೆ, ಹೊತ್ತಿನ ಊಟ, ಹೊಗೆ, ಚಿಂತೆ, ಆಗದ ಪರೀಕ್ಷೆ. ಇವುಗಳಲ್ಲಿ ಎಷ್ಟು ರೋಗಿಯ ಕೈಯಲ್ಲಿವೆ? ವೈದ್ಯ ಮಹಾಶಯರು “ಚೆನ್ನಾಗಿ ನಿದ್ದೆ ಮಾಡಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಚಿಂತೆ ಬಿಡಿ” ಎಂದು ಚೀಟಿ ಬರೆಯುತ್ತಾರೆ. ಸಲಹೆ ಚಿನ್ನದಂಥದು. ಆದರೆ ಆ ಚೀಟಿಯ ಔಷಧ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದು ಸಿಗಬೇಕಾದದ್ದು ಕಾರ್ಖಾನೆಯ ಕಚೇರಿಯಲ್ಲಿ ಮತ್ತು ಸರ್ಕಾರದ ದವಾಖಾನೆಯಲ್ಲಿ. ನಾಲಿಗೆ ಕಟ್ಟಲಿಲ್ಲವೆಂದು ರೋಗಿಯನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ, ನ್ಯಾಯವಲ್ಲ.

ಹಾಗಾದರೆ ಕೇಳಬೇಕಾದದ್ದೇನು? ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಇತರ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಅವುಗಳಂತೆ ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಸಿಗುತ್ತದೆಂದು ಸರ್ಕಾರವೇ ಸಾರಿದೆ. ಆ ತಪಾಸಣೆ ಎತ್ತರ ತೂಕ ಬರೆದು ರುಜು ಹಾಕಿಸಿಕೊಳ್ಳುವ ನಾಟಕವಾಗಬಾರದು. ಸಕ್ಕರೆ ಕಾಯಿಲೆಯಿರುವ ಕಾರ್ಮಿಕನಿಗೆ ಮೂತ್ರದ ಆಲ್ಬುಮಿನ್, ರಕ್ತದೊತ್ತಡ, ಕೊಬ್ಬಿನ ಅಂಶ, ಪಾದದ ನಾಡಿ, ಸೊಂಟದ ಅಳತೆ, ವಸಡು ಇವಿಷ್ಟನ್ನೂ ನೋಡಲೇಬೇಕೆಂದು ಪ್ರತಿ ಸಂಘವೂ ಮಾಲೀಕರಿಗೆ ಬರೆದು ಕೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಕುಸಿಸುವ ಮಾತ್ರೆ ತೆಗೆದುಕೊಳ್ಳುವವನಿಗೆ ಪಾಳಿಯ ನಡುವೆ ಊಟದ ಬಿಡುವು ಹಕ್ಕಾಗಬೇಕು. ವೈದ್ಯರು ಬೇಡವೆಂದವರಿಗೆ ಸಂಬಳ ಕಡಿಯದೆ ರಾತ್ರಿ ಪಾಳಿಯಿಂದ ಬಿಡುಗಡೆ ಸಿಗಬೇಕು.

ಸಣ್ಣ ವರ್ತಕರಿಗೆ ಇಎಸ್‌ಐ ಇಲ್ಲ, ಮಾಲೀಕನೂ ಇಲ್ಲ. ಅವರು ಯಾರನ್ನು ಕೇಳಬೇಕು? ಸರ್ಕಾರವನ್ನು ಕೇಳಬೇಕು. ಮೂವತ್ತು ದಾಟಿದವರನ್ನು ಮನೆ ಬಾಗಿಲಲ್ಲೇ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆ ೨೦೨೪ರಲ್ಲಿ ಕೋಲಾರದಲ್ಲಿ ಆರಂಭವಾಗಿ ೨೦೨೫ರಲ್ಲಿ ರಾಜ್ಯಕ್ಕೆಲ್ಲ ಹರಡಿತು. ಒಳ್ಳೆಯ ಕೆಲಸ. ಅದರಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದವರಿಗೆಲ್ಲ ಮೂತ್ರದ ಆಲ್ಬುಮಿನ್ ಪರೀಕ್ಷೆ ತಪ್ಪದೆ ನಡೆಯಲಿ. ಅಂಗಡಿ ತೆರೆದಿರುವ ಹೊತ್ತಿನಲ್ಲೇ ಸರ್ಕಾರದ ದವಾಖಾನೆಯೂ ತೆರೆದಿದ್ದರೆ ಅಂಗಡಿಯವನು ಹೋಗುವುದು ಯಾವಾಗ? ರಾಗಿಗುಡ್ಡದಂಥ ಬಡಾವಣೆಗಳ ದವಾಖಾನೆಗಳು ವಾರಕ್ಕೆರಡು ದಿನವಾದರೂ ರಾತ್ರಿ ಒಂಬತ್ತರವರೆಗೆ ತೆರೆದಿರಲಿ. ಗಾಂಧಿಬಜಾರಿನ ವರ್ತಕರೂ ಕಾರ್ಮಿಕ ಸಂಘಗಳೂ ಒಟ್ಟಾಗಿ ಈ ಬೇಡಿಕೆಯಿಟ್ಟರೆ ಯಾವ ಶಾಸಕರೂ ಇಲ್ಲವೆನ್ನಲಾರರು.

ಅಷ್ಟರವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಮುಂದಿನ ಸಲ ವೈದ್ಯರ ಬಳ್ಳಿಗೆ ಹೋದಾಗ “ಶುಗರು ಎಷ್ಟಿದೆ?” ಎಂದು ಕೇಳಿ ಎದ್ದು ಬರಬೇಡಿ. “ನನ್ನ ಮೂತ್ರದಲ್ಲಿ ಆಲ್ಬುಮಿನ್ ಇದೆಯೇ? ನನ್ನ ಹೃದಯಕ್ಕೆ ಅಪಾಯವೆಷ್ಟು? ಈ ಮಾತ್ರೆಯಿಂದ ಸಕ್ಕರೆ ಕುಸಿಯುತ್ತದೆಯೇ?” ಎಂಬ ಮೂರು ಪ್ರಶ್ನೆಗಳನ್ನೂ ಕೇಳಿ. ಏದುಸಿರು, ತಣ್ಣನೆ ಬೆವರು ಕಂಡರೆ ಬೆಳಗಾಗಲೆಂದು ಕಾಯದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಧಾವಿಸಿ, ಇ.ಸಿ.ಜಿ. ಮಾಡಿಸಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ೨೦೨೩ರಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯಡಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ಕೊಡುವ ವ್ಯವಸ್ಥೆಯಾಗಿದೆ. ಅದು ಮೊದಲ ಕೆಲವು ಗಂಟೆಗಳಲ್ಲಿ ಸಿಕ್ಕರೆ ಮಾತ್ರ ಪ್ರಯೋಜನ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ದುಡಿಯುವವನ ಹೃದಯವೇ ಅವನ ಮನೆಯ ಕೋಟೆ, ಅದು ಬಿದ್ದರೆ ಹೆಂಡತಿ ಮಕ್ಕಳು ಬೀದಿಗೆ. ದಿಡ್ಡಿ ಬಾಗಿಲುಗಳು ಎಲ್ಲೆಲ್ಲಿವೆಯೆಂದು ಈಗ ತಿಳಿದಿದೆ. ಕೆಲವನ್ನು ನಾವೇ ಮುಚ್ಚಬಹುದು. ಉಳಿದವನ್ನು ಮುಚ್ಚಿಸಲು ಹತ್ತು ಜನ ಕೂಡಿ ಕೇಳಬೇಕು.